ಕಡ ತಂದ ಪೀರಿಯಡ್ಡುಗಳು

ಕಳೆದ ಶನಿವಾರ ಮೊಮ್ಮಗಳ ಶಾಲೆಯ ಪೋಷಕರ ಸಭೆಗೆ ಹೋಗಿದ್ದೆ. ಮಗನಿಗೂ ಸೊಸೆಗೂ ರಜೆ ಸಿಗದಿದ್ದಾಗ ಇಂಥ ಕರ್ತವ್ಯಗಳು ಅಜ್ಜನ ಪಾಲಿಗೆ ಬರುತ್ತವೆ. ಹಾಸನದ ಆ ಶಾಲೆಯ ಹೆಸರು ಇಲ್ಲಿ ಬೇಡ; ಬೇರೆ ಹೆಸರು ಹಾಕಿದರೂ ಕಥೆಯಲ್ಲಿ ಒಂದಕ್ಷರವೂ ಬದಲಾಗದು. ಮುಖ್ಯೋಪಾಧ್ಯಾಯರು ಮೈಕಿನ ಮುಂದೆ ನಿಂತು, ಹತ್ತನೇ ತರಗತಿಯ ಚಿತ್ರಕಲೆ, ಸಂಗೀತ ಮತ್ತು ಹೊಲಿಗೆಯ ಪೀರಿಯಡ್ಡುಗಳನ್ನು ಜೂನ್ ತಿಂಗಳಿನಿಂದಲೇ ಗಣಿತಕ್ಕೂ ವಿಜ್ಞಾನಕ್ಕೂ ‘ಹೊಂದಿಸಿಕೊಂಡಿದ್ದೇವೆ’ ಎಂದು, ಕೆರೆ ಕಟ್ಟಿಸಿದವರ ದನಿಯಲ್ಲಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಐದು ನಿಮಿಷ ಕಳೆಯುವುದರೊಳಗೆ ಅದೇ ಮೈಕಿನಲ್ಲಿ, ಪ್ರತಿಭಾ ಕಾರಂಜಿ ಹತ್ತಿರ ಬಂದಿರುವುದರಿಂದ ಹಾಡಲು, ಚಿತ್ರ ಬಿಡಿಸಲು ಬರುವ ಮಕ್ಕಳ ಹೆಸರನ್ನು ಪೋಷಕರು ಕೊಡಬೇಕೆಂಬ ಪ್ರಕಟಣೆಯೂ ಬಂತು. ಬಿತ್ತನೆಯನ್ನೇ ನಿಲ್ಲಿಸಿದವರು ಸುಗ್ಗಿಯಲ್ಲಿ ಚೀಲ ಹಿಡಿದು ಕಣಕ್ಕೆ ಬಂದಂತಿತ್ತು. ಯಾರೂ ನಗಲಿಲ್ಲ.

ಅಂಕಪಟ್ಟಿಗೆ ಸಹಿ ಹಾಕಲು ಸ್ಟಾಫ್ ರೂಮಿಗೆ ಹೋದಾಗ ಬೀರುವಿನ ಮೇಲೆ ಒಂದು ಹಾರ್ಮೋನಿಯಂ ಕಂಡಿತು. ಅದರ ಮೇಲೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟು, ಕಟ್ಟಿನ ಮೇಲೆ ಸೀಮೆಸುಣ್ಣದ ಡಬ್ಬಿ. ಸಂಗೀತದ ಹುದ್ದೆ ಖಾಲಿಯಾಗಿ ಎಷ್ಟು ವರ್ಷವಾಯಿತೆಂಬುದು ಅಲ್ಲಿದ್ದ ಯಾರಿಗೂ ಸರಿಯಾಗಿ ನೆನಪಿರಲಿಲ್ಲ. ಚಿತ್ರಕಲೆಯ ಮೇಷ್ಟ್ರು ಇದ್ದಾರೆ. ಅವರು ಬಿಸಿಯೂಟದ ಲೆಕ್ಕ ಬರೆಯುತ್ತಾರೆ ಮತ್ತು ಗಣ್ಯರು ಬರುವ ದಿನ ಬಾಗಿಲ ಬಳಿಯ ಹಲಗೆಯ ಮೇಲೆ ಬಣ್ಣಬಣ್ಣದ ‘ಸುಸ್ವಾಗತ’ ಬರೆಯುತ್ತಾರೆ.

ನನ್ನನ್ನು ಕೆರಳಿಸಿದ್ದು ‘ಹೊಂದಿಸಿಕೊಂಡಿದ್ದೇವೆ’ ಎಂಬ ಆ ಸಭ್ಯವಾದ ಮಾತು. ವೇಳಾಪಟ್ಟಿಯಲ್ಲಿ ಮಗುವಿನ ಹೆಸರಿಗೆ ಬರೆದಿಟ್ಟ ಹೊತ್ತನ್ನು ಮಗುವನ್ನು ಕೇಳದೆ ಎತ್ತಿಕೊಂಡರೆ ಅದಕ್ಕೆ ಕನ್ನಡದಲ್ಲಿ ಬೇರೆ ಪದವಿದೆ. ಈ ಮಾತನ್ನು ಹೇಳುವ ಅಧಿಕಾರ ನನಗಿದೆ, ಏಕೆಂದರೆ ನಾನೂ ಅದೇ ಕೆಲಸ ಮಾಡಿದವನು. ನಾನು ಗಣಿತದ ಮೇಷ್ಟ್ರೆಂಬುದು ನಿಮ್ಮಲ್ಲಿ ಬಹುಪಾಲು ಜನರಿಗೆ ಗೊತ್ತು. ಕೆಲವರು ನನ್ನ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರೂ ಇದ್ದೀರಿ. ಡಿಸೆಂಬರ್ ಬಂತೆಂದರೆ ಸಂಗೀತದ ಮೇಡಂ ಪಾಠ ಮಾಡುತ್ತಿದ್ದ ಕೊಠಡಿಯ ಬಾಗಿಲಲ್ಲಿ ನಿಂತು, “ಮೇಡಂ, ಇದೊಂದು ಪೀರಿಯಡ್ ಕಡ ಕೊಡಿ, ಮುಂದಿನ ವಾರ ತೀರಿಸುತ್ತೇನೆ” ಎನ್ನುತ್ತಿದ್ದೆ. ಅವರು ಮರುಮಾತಾಡದೆ ಶ್ರುತಿಪೆಟ್ಟಿಗೆ ಮುಚ್ಚಿ ಹೊರಗೆ ಹೋಗುತ್ತಿದ್ದರು. ಒಂದನ್ನೂ ತೀರಿಸಲಿಲ್ಲ. ವರ್ಷಕ್ಕೆ ಇಪ್ಪತ್ತೈದೆಂದು ಹಿಡಿದರೂ ನನ್ನ 27 ವರ್ಷಗಳ ಸೇವೆಯಲ್ಲಿ, ಅವರಿಂದಲೂ ಅವರಂಥ ಇತರರಿಂದಲೂ ಕಡ ತಂದದ್ದು 675 ಪೀರಿಯಡ್. ನಾನು ಪಾಠ ಮಾಡುತ್ತಿದ್ದ ಕಾಲದಲ್ಲಿ ಎಸ್ಸೆಸ್ಸೆಲ್ಸಿಯ ಒಟ್ಟು ಅಂಕಗಳೇ 625.

ನನ್ನ ಹಳೆಯ ಸಹೋದ್ಯೋಗಿಗಳ ಉತ್ತರ ನನಗೆ ಬಾಯಿಪಾಠವಿದೆ. ಅರಕಲಗೂಡಿನ ಕಡೆಯ ಬಡ ರೈತನ ಮಗನಿಗೆ ರಾಗ ಬೇಕೋ ಅಂಕ ಬೇಕೋ, 2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದದ್ದು ಹಾಡಿಕೊಂಡು ಕೂತಿದ್ದಕ್ಕೋ ಎಂದು ಅವರು ಕೇಳುತ್ತಾರೆ. ಆ ವರ್ಷ ನಾನೂ ಎದೆಯುಬ್ಬಿಸಿ ಓಡಾಡಿದವನೇ. ಆದರೆ ವಾರಕ್ಕೆ ಎರಡು ಪೀರಿಯಡ್, ಅಂದರೆ ಎಂಬತ್ತು ನಿಮಿಷ, ಮಕ್ಕಳು ಚಿತ್ರ ಬಿಡಿಸಿದ ಮಾತ್ರಕ್ಕೆ ಕುಸಿದುಬೀಳುವ ಫಲಿತಾಂಶವಾದರೆ ಅದು ನಮ್ಮ ಬೋಧನೆಯ ಫಲಿತಾಂಶವೇ ಅಲ್ಲ. ಇನ್ನು ಅರಕಲಗೂಡಿನ ಮಾತು ತೆಗೆದವರು ಅದೇ ತಾಲ್ಲೂಕಿನ ರುದ್ರಪಟ್ಟಣವನ್ನೊಮ್ಮೆ ನೋಡಿ ಬರಲಿ. 1920ರಲ್ಲಿ ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ, ತಂಬೂರಿಯ ಆಕಾರದಲ್ಲೇ ಗುಡಿ ಕಟ್ಟಿಕೊಂಡಿರುವ ಊರದು. ಅಂಥ ಊರಿರುವ ಜಿಲ್ಲೆಯಲ್ಲಿ ಹಾರ್ಮೋನಿಯಂ ಸೀಮೆಸುಣ್ಣದ ಡಬ್ಬಿ ಹೊರುತ್ತಿದೆ.

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಕೊರೆದು ಹೋಗಿದ್ದಾರೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಶಾಲೆ ಶಾಲೆಗಳಲ್ಲಿ ಭಾಷಣಗಳಾದವು. ಆ ಭಾಷಣ ಕೇಳಿದ ಮಗುವಿಗೆ ಒಂದು ಮದನಿಕೆಯ ಮುಂದೆ ಪೆನ್ಸಿಲ್ ಹಿಡಿದು ಅರ್ಧ ಗಂಟೆ ಕೂರುವ ಅವಕಾಶವನ್ನು ನಾವು ಕೊಟ್ಟಿಲ್ಲ. ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆಯನ್ನು, ಅಂದರೆ ಜಗತಿಯನ್ನು, ಕಾಗದದ ಮೇಲೆ ಬಿಡಿಸಿದವನಿಗೆ ಕೋನಗಳು ತಾವಾಗಿಯೇ ಅರ್ಥವಾಗುತ್ತವೆ, ಆದಿತಾಳ ಹಾಕಿದವಳಿಗೆ ಭಿನ್ನರಾಶಿ ಸುಲಭ ಎಂದು ಈಗ ಬರೆಯಹೊರಟಿದ್ದೆ, ಕೈ ತಡೆಯಿತು. ನೋಡಿ, ಚಿತ್ರಕಲೆಯ ಪರವಾಗಿ ವಾದಿಸುವಾಗಲೂ ಅದು ಗಣಿತಕ್ಕೆ ನೆರವಾಗುತ್ತದೆಯೆಂದೇ ನನಗೆ ಹೊಳೆಯುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು.

ಹೊಲಿಗೆ, ಅಡುಗೆ ಕಲಿಸುವ ಗೃಹ ವಿಜ್ಞಾನದ ಮಾತೆತ್ತಿದರೆ, ಅದು ಹೆಣ್ಣುಮಕ್ಕಳದ್ದೆಂದು ಅರ್ಧ ತರಗತಿ ಮೊದಲೇ ಎದ್ದುಹೋಗುತ್ತದೆ. ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿ ಅವಳು ಹಾಸಿಗೆ ಹಿಡಿದಿದ್ದಾಗ, ಜೀವನವಿಡೀ ಅನುಪಾತ ಕಲಿಸಿದ ನಾನು, ಒಂದು ಲೋಟ ಅಕ್ಕಿಗೆ ಎಷ್ಟು ನೀರೆಂದು ಅವಳನ್ನೇ ಕೇಳಲು ಮೂರು ಸಲ ಕೋಣೆಗೆ ಹೋಗಿದ್ದೇನೆ. ಮಗುವಿಗೆ ಭೇದಿಯಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಎಂಬ ಲೆಕ್ಕವನ್ನು ನಾನು ಯಾವ ಹುಡುಗನಿಗೂ ಕಲಿಸಲಿಲ್ಲ, ನನಗೂ ಯಾರೂ ಕಲಿಸಿರಲಿಲ್ಲ.

ಕಾಗದದ ಮೇಲೆ ಯಾವುದಕ್ಕೂ ಕೊರತೆಯಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಠ್ಯ, ಪಠ್ಯೇತರ ಎಂಬ ಗೋಡೆಯೇ ಇರಬಾರದೆಂದಿತು. ಕೇಂದ್ರೀಯ (ಸಿಬಿಎಸ್‌ಇ) ಪಠ್ಯಕ್ರಮದಲ್ಲಿ ಚಿತ್ರಕಲೆ, ಕರ್ನಾಟಕ ಸಂಗೀತ, ಗೃಹ ವಿಜ್ಞಾನಗಳನ್ನು ಆರಿಸಿಕೊಂಡು ಹತ್ತನೇ ತರಗತಿಯ ಪರೀಕ್ಷೆಯನ್ನೇ ಬರೆಯಬಹುದು. ಆದರೆ ಆ ಪಠ್ಯಕ್ರಮದಲ್ಲಿ ಓದುವ, ನನಗೆ ಪರಿಚಯವಿರುವ ಮಕ್ಕಳಿಗೆಲ್ಲ ಶಾಲೆಯೇ ಆರಿಸಿ ಕೊಟ್ಟದ್ದು ಮಾಹಿತಿ ತಂತ್ರಜ್ಞಾನ. ಆಯ್ಕೆ ಮಗುವಿನದೆಂದು ಬರೆದಿದ್ದಾರೆ, ಅಷ್ಟೆ.

ಸಭೆ ಮುಗಿದು ಗೇಟಿನ ಬಳಿ ಬಂದಾಗ ಮೊಮ್ಮಗಳು, “ತಾತ, ನೀನೂ ಚಪ್ಪಾಳೆ ತಟ್ಟಿದೆ” ಎಂದಳು. ತಟ್ಟಿದ್ದೆ. ಸುತ್ತಲಿನವರು ತಟ್ಟುವಾಗ ಕೈಗಳು ತಾವಾಗಿಯೇ ಸೇರಿದ್ದವು.

ಸೋಮವಾರ ಮತ್ತೆ ಹೋಗಿ ಆ ಹಾರ್ಮೋನಿಯಂ ಕೆಳಗಿಳಿಸಿ ನೋಡಿದೆ. ತಿದಿ ಹರಿದಿದೆ, ನಾಲ್ಕು ಮನೆಗಳು ಒತ್ತಿದರೆ ಮೇಲೇಳುವುದಿಲ್ಲ. ಹಾಸನದಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಖರ್ಚು ನನ್ನದು.