ಇಂಚಿಗೆ 72 ಪಿಕ್ಸೆಲ್ ಅಲ್ಲ, 96

ಶಿರಸಿ ಕಡೆಯ ಡಿಟಿಪಿಯವರ ವಾಟ್ಸ್ಯಾಪ್ ಗುಂಪುಗಳಲ್ಲಿ ಸಿಎಸ್‌ಎಸ್ (ವೆಬ್ ಪುಟದ ವಿನ್ಯಾಸ ಬರೆಯುವ ಭಾಷೆ) ಬಗ್ಗೆ ಒಂದು ಮೆಸೇಜ್ ಓಡಾಡುತ್ತಿದೆ: "ಸಿಎಸ್‌ಎಸ್‌ನಲ್ಲಿ ಇಂಚಿಗೆ 72 ಪಿಕ್ಸೆಲ್. ಎ4 ಹಾಳೆಗೆ 595 ಪಿಕ್ಸೆಲ್ ಅಗಲ ಕೊಡಿ." ಇದು ತಪ್ಪು. ಇಂಚಿಗೆ 72 ಇರುವುದು ಪಾಯಿಂಟ್. ಪಿಕ್ಸೆಲ್ 96. ಹಾಗಾಗಿ 12 ಪಾಯಿಂಟ್ ಅಕ್ಷರ ಅಂದರೆ 16 ಪಿಕ್ಸೆಲ್.

ಯಕ್ಷಗಾನದ ಕರಪತ್ರವನ್ನೇ ತಗೊಳ್ಳಿ. 595 ಪಿಕ್ಸೆಲ್ ಕೊಟ್ಟು, ಅಳತೆ ಹಿಗ್ಗಿಸದೆ ಪ್ರಿಂಟ್ ತೆಗೆದರೆ ಸಿಗುವುದು ಸುಮಾರು 157 ಮಿಲಿಮೀಟರ್ ಅಗಲ. ಹಾಳೆ ಇರುವುದು 210. ಉಳಿದ 53 ಸುಮ್ನೆ ಖಾಲಿ. ಪಾತ್ರಧಾರಿಗಳ ಹೆಸರೆಲ್ಲ ಇಕ್ಕಟ್ಟಿನಲ್ಲಿ ಕೂರುತ್ತವೆ, ನೋಡಿದರೆ ಬೇಜಾರಾಗುತ್ತದೆ. ಸರಿಯಾದ ಅಗಲ ಸುಮಾರು 794 ಪಿಕ್ಸೆಲ್. ಆದರೆ ಪ್ರಿಂಟಿಗೆ ಈ ಲೆಕ್ಕವೇ ಯಾಕೆ? ನೇರವಾಗಿ ಮಿಲಿಮೀಟರಿನಲ್ಲೇ ಬರೆಯಿರಿ. ಮೊಬೈಲಿಗೂ ಅದೇ ಕರಪತ್ರ ಬೇಕಾದರೆ ಅಗಲಕ್ಕೆ ಶೇಕಡಾ, ಅಕ್ಷರಕ್ಕೆ ರೆಮ್ (ಪುಟದ ಮೂಲ ಅಕ್ಷರ ಗಾತ್ರಕ್ಕೆ ತಕ್ಕಂತೆ ಬದಲಾಗುವ ಅಳತೆ) ಒಳ್ಳೆಯದು. ಪರದೆ ಮೇಲೆ ಮಾತ್ರ ಸ್ಕೇಲ್ ಇಟ್ಟು ಅಳೆಯಬೇಡಿ. ಸಿಎಸ್‌ಎಸ್‌ನ ಸೆಂಟಿಮೀಟರ್ ಅಲ್ಲಿ ಸ್ಕೇಲಿಗೆ ಸರಿಹೊಂದಲೇಬೇಕೆಂದಿಲ್ಲ.