ಟೀ ಹಡಗಿನ ಧಿಮಾಕು

ಬೈಟು ಟೀ ಕುಡಿಯೋವಾಗ ಯಾರಿಗೂ ಫಿರಂಗಿ ನೆನಪಾಗಲ್ಲ ಬಿಡಿ. ಆದ್ರೆ ಒಂದು ಕಾಲದಲ್ಲಿ ಈ ಸೊಪ್ಪು ಚೀನಾದಿಂದ ಲಂಡನ್ ಮುಟ್ಟಬೇಕು ಅಂದ್ರೆ ಮಲಯಾ ಪಕ್ಕದ ಸಮುದ್ರ ದಾಟ್ಬೇಕಿತ್ತು, ಅಲ್ಲಿ ಇಂಗ್ಲಿಷರು, ಡಚ್ಚರು, ಫ್ರೆಂಚರು ಒಬ್ರ ಬಾಯಿಂದ ಇನ್ನೊಬ್ರು ಕಿತ್ಕೊಳ್ಳೋಕೆ ಹೊಂಚು ಹಾಕ್ತಾ ಇದ್ರು. ಆ ಜಗಳಗಳಲ್ಲೆಲ್ಲ ನಂಗೆ ತುಂಬಾ ಇಷ್ಟ 1804ರದ್ದು. ಅದ್ರಲ್ಲಿ ಗೆದ್ದಿದ್ದು ಬಣ್ಣ, ಬಾವುಟ ಮತ್ತೆ ಭಂಡಧೈರ್ಯ.

ಆ ವರ್ಷ ಜನವರಿ ಕೊನೇಲಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹಡಗುಗಳ ಹಿಂಡು ಚೀನಾದ ಕ್ಯಾಂಟನ್ ಬಂದರು ಬಿಡ್ತು. ಕಂಪನಿದೇ 16 ದೊಡ್ಡ ಹಡಗು, ಬೆನ್ನಿಗೆ ಬೇರೆ ವ್ಯಾಪಾರಿಗಳ ಸಣ್ಣಪುಟ್ಟವು. ಒಳಗೆ ಟೀ, ರೇಷ್ಮೆ, ಪಿಂಗಾಣಿ, ಎಲ್ಲಾ ಸೇರಿ ಆಗಿನ ಲೆಕ್ಕದಲ್ಲೇ 80 ಲಕ್ಷ ಪೌಂಡ್ ಮಾಲು. ಕಾವಲಿಗೆ ನೌಕಾಪಡೆಯ ಒಂದು ಯುದ್ಧನೌಕೆನೂ ಇಲ್ಲ! ಮುಂದಾಳು ನಥಾನಿಯಲ್ ಡ್ಯಾನ್ಸ್ ಕಂಪನಿ ಕ್ಯಾಪ್ಟನ್, ಅಂದ್ರೆ ಸರಕು ಸಾಗಿಸೋ ಮನುಷ್ಯ.

ಎದುರಿಗೆ ಫ್ರೆಂಚ್ ಅಡ್ಮಿರಲ್ ಲಿನ್ವಾ. ಹಿಂದಿನ ವರ್ಷ ಪಾಂಡಿಚೇರಿಯಿಂದ ಇಂಗ್ಲಿಷರ ಕಣ್ಣು ತಪ್ಪಿಸಿ ರಾತ್ರೋರಾತ್ರಿ ಜಾಗ ಖಾಲಿ ಮಾಡಿ, ಮಾರಿಷಸ್ ಮುಟ್ಟಿ, ಸುಮಾತ್ರಾದ ಬೆಂಕೂಲನ್ ಮೇಲೆ ದಾಳಿ ಮಾಡಿ, ಡಚ್ಚರ ಬಟಾವಿಯಾದಲ್ಲಿ (ಈಗಿನ ಜಕಾರ್ತಾ) ದಿನಸಿ ತುಂಬಿಸ್ಕೊಂಡು ಬಂದಿದ್ದ. ಅವನ ಮರೆಂಗೊ ಹಡಗಿಗೆ 74 ಫಿರಂಗಿ, ಜೊತೆಗೆ ಎರಡು ಫ್ರಿಗೇಟು, ಅಂದ್ರೆ ಅದಕ್ಕಿಂತ ಸಣ್ಣ, ಚುರುಕಾದ ಯುದ್ಧನೌಕೆ, ಇನ್ನೆರಡು ಚಿಕ್ಕವು. ಫೆಬ್ರವರಿ 14ಕ್ಕೆ ಮಲಯಾ ಪಕ್ಕದ ಪುಲಾವ್ ಔರ್ ದ್ವೀಪದ ಹತ್ರ ಟೀ ಹಡಗುಗಳು ಕಣ್ಣಿಗೆ ಬಿದ್ವು. ಕೈಗೆ ಬಂದ ತುತ್ತು.

ಆದ್ರೆ ಲಿನ್ವಾ ಎಣಿಸೋಕೆ ಶುರು ಮಾಡ್ದ. ತನಗೆ ಬಂದಿದ್ದ ಸುದ್ದಿಗಿಂತ ಹಡಗು ಜಾಸ್ತಿ ಕಾಣಿಸ್ತಿವೆ, ಹೆಚ್ಚಾಗಿರೋವು ಯುದ್ಧನೌಕೆ ಆಗಿದ್ರೆ? ಕಂಪನಿಯ ದೊಡ್ಡ ಹಡಗುಗಳು ನೋಡೋಕೆ ಯುದ್ಧನೌಕೆ ಥರಾನೇ ಇರ್ತಿದ್ವು, ಪಕ್ಕದಲ್ಲಿ ಫಿರಂಗಿ ಕಿಂಡಿ ಇರೋ ಹಾಗೆ ಬಣ್ಣ ಬಳಿದಿರೋರು, ಹೊಲದಲ್ಲಿ ನಿಲ್ಸಿದ ಬೆರ್ಚಪ್ಪನ ಹಾಗೆ. ಡ್ಯಾನ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಓಡಿಹೋಗೋ ಬದಲು ನಿಂತೇ ಬಿಟ್ಟ, ರಾತ್ರಿಯೆಲ್ಲ ದೀಪ ಹಚ್ಚಿಸಿ ಇಟ್ಟ, ಬೆಳಗ್ಗೆ ಮುಂದಿನ ಹಡಗುಗಳ ಮೇಲೆ ನೌಕಾಪಡೆಯ ನೀಲಿ ಬಾವುಟ ಏರಿಸ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಇವನಂತೂ ಬಾಯೇ ಬಿಡದೆ ಬದುಕ್ದ.

15ನೇ ತಾರೀಖು ಮುಕ್ಕಾಲು ಗಂಟೆ ಒಳಗೇ ಗುಂಡಿನ ಚಕಮಕಿ ಮುಗೀತು. ಲಿನ್ವಾ ತಿರುಗಿ ಹೊರಟ. ಇಲ್ಲಿಗೆ ಸಾಕು ಅಂತ ಡ್ಯಾನ್ಸ್ ಸುಮ್ನಿದ್ದಿದ್ರೂ ಆಗ್ತಿತ್ತು, ಆದ್ರೆ ಈ ಪುಣ್ಯಾತ್ಮ ಟೀ ತುಂಬಿದ ಹಡಗುಗಳನ್ನ ಇಟ್ಕೊಂಡು ಫ್ರೆಂಚ್ ಯುದ್ಧನೌಕೆಗಳನ್ನ ಎರಡು ಗಂಟೆ ಹೊತ್ತು ಅಟ್ಟಿಸ್ಕೊಂಡು ಹೋದ!! ಅದೇ ನೋಡಿ ನಂಗೆ ಹಿಡಿಸಿದ್ದು, ಸುಳ್ಳು ಹೇಳೋನು ಅರ್ಧಕ್ಕೆ ನಿಲ್ಲಿಸ್ಬಾರ್ದು.

ಊರಿಗೆ ಹೋದ್ಮೇಲೆ ಡ್ಯಾನ್ಸ್‌ಗೆ ಸರ್ ಪದವಿ, ಬಾಂಬೆಯ ವಿಮೆಯವರಿಂದ 5000 ಪೌಂಡ್, ಕಂಪನಿಯಿಂದ ವರ್ಷಕ್ಕೆ 500 ಪೌಂಡ್ ಪಿಂಚಣಿ. ವಿಮೆಯವರು ತಾವಾಗೇ ದುಡ್ಡು ಬಿಚ್ಚಿದ್ದು ಪ್ರಪಂಚದಲ್ಲಿ ಅಪರೂಪ, ಗಮನಿಸಿ.

ಲಿನ್ವಾ ಮೇಲೆ ನೆಪೋಲಿಯನ್ ಕೆಂಡಾಮಂಡಲ. ನಂಗೇನೋ ಆ ಮನುಷ್ಯನ ಬಗ್ಗೆ ಪಾಪ ಅನ್ಸುತ್ತೆ. ಹಡಗಿನ ಕೂವೆಮರ (ಹಾಯಿ ಕಟ್ಟೋ ಕಂಬ) ಮುರಿದ್ರೆ ಹತ್ತಿರದಲ್ಲಿ ರಿಪೇರಿಗೆ ಸರಿಯಾದ ಫ್ರೆಂಚ್ ಬಂದರಿಲ್ಲ, ಮಾರಿಷಸ್ ಎಷ್ಟೋ ದೂರ, ಅಂಥೋನು ಎರಡು ಸಲ ಯೋಚ್ನೆ ಮಾಡಿದ್ರೆ ತಪ್ಪೇನು? ಎರಡು ವರ್ಷ ಬಿಟ್ಟು ಫ್ರಾನ್ಸಿಗೆ ವಾಪಸ್ ಹೋಗ್ತಾ ಅಟ್ಲಾಂಟಿಕ್‌ನಲ್ಲಿ ಅವನಿಗೆ ನಿಜವಾದ ಇಂಗ್ಲಿಷ್ ಯುದ್ಧನೌಕೆಗಳೇ ಎದುರಾದ್ವು, ಮರೆಂಗೊ ಸಮೇತ ಸಿಕ್ಕಿಬಿದ್ದ, 1814ರ ತನಕ ಸೆರೆ. ಬಿಡಿಸ್ಕೊಳ್ಳೋ ಉಸಾಬರಿಗೆ ನೆಪೋಲಿಯನ್ ಹೋಗ್ಲೇ ಇಲ್ಲ.