ಗಿಟಾರಿಗೊಂದು ಬೆಲೆ, ಹೆಸರಿಗೊಂದು ಬೆಲೆ

ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕ್ಯಾಸ್ಟರನ್ನು (ಫೆಂಡರ್ ಕಂಪನಿಯ ಎಲೆಕ್ಟ್ರಿಕ್ ಗಿಟಾರು) ಹೆಸರು ಹೇಳದೆ ಹಳೇ ಗಿಟಾರುಗಳ ಅಂಗಡಿಯವನ ಮುಂದಿಟ್ಟರೆ ಅವನು ಮೂಗು ಮುರಿಯುತ್ತಾನೆ. ಮೂಲದ ಸನ್‌ಬರ್ಸ್ಟ್ ಬಣ್ಣದ ಮೇಲೆ ಕಪ್ಪು ಬಳಿದಿದೆ. ನೆಕ್ (ಕತ್ತಿನ ಭಾಗ) ಹಲವು ಸಲ ಬದಲಾಗಿದೆ, ತಂತಿಯ ಕಂಪನ ಹಿಡಿಯುವ ಪಿಕಪ್ಪೂ ಬದಲಾಗಿದೆ. ಬೇರೊಂದು ಟ್ರೆಮೊಲೊ (ಸ್ವರ ಬಾಗಿಸುವ ಸಾಧನ) ಕೂರಿಸಲು ಕೊರೆದ ಜಾಗವನ್ನು ಆಮೇಲೆ ತುಂಬಿ ಮುಚ್ಚಿದ್ದಾರೆ. ಅದೇ ಗಿಟಾರು 2019ರ ಜೂನ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ 39.75 ಲಕ್ಷ ಡಾಲರಿಗೆ ಹೋಯಿತು. ಹರಾಜಿಗೆ ಮುಂಚೆ ಅಚ್ಚು ಹಾಕಿಸಿದ್ದ ಅಂದಾಜು ಒಂದರಿಂದ ಒಂದೂವರೆ ಲಕ್ಷ.

ಕೊಳ್ಳುವವರಿಗೆ ಹುಚ್ಚು ಅನ್ನಿ, ಒಪ್ಪುತ್ತೇನೆ. ಆದರೆ ಅಮೆರಿಕದಲ್ಲಿ ಈ ಕಸುಬು ಬಲ್ಲವರು ಬೆಲೆ ಕಟ್ಟುವ ಕ್ರಮದಲ್ಲಿ ಹುಚ್ಚಿಲ್ಲ. ಹೆಸರನ್ನು ಪಕ್ಕಕ್ಕಿಟ್ಟು ಬರೀ ವಾದ್ಯಕ್ಕೆ ಮೊದಲೊಂದು ಬೆಲೆ ಕಟ್ಟುತ್ತಾರೆ. ಹೆಸರಿನ ಲೆಕ್ಕ ಆಮೇಲೆ, ಬೇರೆ. ನಮ್ಮ ಕಡೆ ದೊಡ್ಡ ವಿದ್ವಾಂಸರ ವೀಣೆಗೋ ಪಿಟೀಲಿಗೋ ಇಂಥ ಲೆಕ್ಕ ಬೇಕಾಗಿಯೇ ಇರಲಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಶಿಷ್ಯರಿಗೆ ಕೊಡುತ್ತಾರೆ. "ಇದು ಮೇಷ್ಟ್ರು ನುಡಿಸಿದ್ದು" ಅನ್ನುವ ಮಾತೇ ದಾಖಲೆ. ಆ ಮಾತು ಆಡುವವರು ಬದುಕಿರುವ ತನಕ ಅದು ಸಾಕು, ಆಮೇಲೆ ಸಾಲದು. ಮಾರುವುದು ಬಿಡುವುದು ಅವರವರ ಇಷ್ಟ. ಗುರುತು ಉಳಿಸುವ ವಿಷಯದಲ್ಲಿ ಮಾತ್ರ ಅಮೆರಿಕದವರ ಕ್ರಮವೇ ಮೇಲು ಎಂಬುದು ನನ್ನ ಅನಿಸಿಕೆ.

ವಾದ್ಯದ ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಹಳೇ ಫೆಂಡರ್ ಆದರೆ ಸೀರಿಯಲ್ ನಂಬರಿನಿಂದ ವರ್ಷ ಹೇಳುವುದು ಕಡೇ ದಾರಿ. ಆ ನಂಬರು ಇರುವುದು ನೆಕ್ ಬಿಗಿಯುವ ತಗಡಿನ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ತಗಡು ಬೇರೆ ಗಿಟಾರಿಗೆ ಹೋಗುತ್ತದೆ. 60ರ ದಶಕದ ಗಿಬ್ಸನ್‌ಗಳಲ್ಲಂತೂ ಒಂದೇ ನಂಬರು ಎರಡು ಮೂರು ಗಿಟಾರುಗಳ ಮೇಲೆ ಸಿಗುತ್ತದೆ. ಹಾಗಾಗಿ ನೆಕ್ ಕಳಚಿ ಅದರ ಬುಡದ ತಾರೀಖು ನೋಡುತ್ತಾರೆ. ವಾಲ್ಯೂಮ್ ನಾಬ್‌ನ ಕೆಳಗಿನ ಪಾಟ್‌ನ (ದನಿ ಏರಿಳಿಸುವ ಬಿಡಿಭಾಗದ) ಬೆನ್ನಿನ ಮೇಲೆ 3046320 ಎಂದಿದ್ದರೆ 304 ಸ್ಟ್ಯಾಕ್‌ಪೋಲ್ ಕಂಪನಿ, 63 ವರ್ಷ, 20 ವಾರ. 137ರಿಂದ ಶುರುವಾದರೆ ಸಿಟಿಎಸ್ ಕಂಪನಿ. ಇಲ್ಲಿ ಎಡವುವವರು ಬಹಳ. ಗಿಟಾರು ಆ ತಾರೀಖಿಗಿಂತ ಹಳೆಯದಲ್ಲ ಎಂದಷ್ಟೇ ಪಾಟ್ ಹೇಳುತ್ತದೆ, ಅದೇ ವರ್ಷದ್ದು ಎಂದು ಹೇಳುವುದಿಲ್ಲ. ಫೆಂಡರ್‌ನವರು 1966ರಲ್ಲಿ ಪಾಟ್‌ಗಳನ್ನು ರಾಶಿಗಟ್ಟಲೆ ಕೊಂಡು ವರ್ಷಗಟ್ಟಲೆ ಬಳಸಿದ್ದರಿಂದ 1969ರ ಗಿಟಾರಿನಲ್ಲೂ 66ರ ಪಾಟ್ ಸಿಗುತ್ತದೆ. ಬೆಸುಗೆ ಮುಟ್ಟದ್ದೇ, ಮತ್ತೆ ಕಾಯಿಸಿದ್ದೇ ಎಂಬುದನ್ನೂ ಭೂತಗನ್ನಡಿಯಲ್ಲಿ ನೋಡಬೇಕು. ಆಮೇಲೆ ಕತ್ತಲೆ ಕೋಣೆಯಲ್ಲಿ ಯುವಿ (ಅತಿನೇರಳೆ) ದೀಪ. ಹಳೇ ನೈಟ್ರೋ ಲ್ಯಾಕರ್ (ಆಗಿನ ಗಿಟಾರುಗಳ ಮೆರುಗು) ಹಳದಿ-ಹಸಿರಾಗಿ ಮಿನುಗುತ್ತದೆ, ಮೇಲಿಂದ ಹೊಡೆದ ಹೊಸ ಬಣ್ಣ ಬೇರೆಯಾಗಿ ಎದ್ದು ಕಾಣುತ್ತದೆ. ಬಣ್ಣ ಬದಲಾದ ಮಾಮೂಲಿ ಹಳೇ ಗಿಟಾರಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತದೆ.

ಹೆಸರಿನ ಲೆಕ್ಕ ಶುರುವಾಗುವುದು ಆಮೇಲೆ, ಅದು ನಿಲ್ಲುವುದು ಎರಡೇ ಆಧಾರದ ಮೇಲೆ: ಫೋಟೋ ಮತ್ತು ಕಾಗದ. ಫೋಟೋದಲ್ಲಿ ಗೀರು ಹುಡುಕುವವನು ಹೊಸಬ. ಗೀರನ್ನು ಯಾರು ಬೇಕಾದರೂ ಕೆತ್ತಬಹುದು. ಮರದ ಎಳೆಗೆರೆ, ಫ್ರೆಟ್‌ಬೋರ್ಡಿನ (ಬೆರಳಿಡುವ ಹಲಗೆಯ) ಚುಕ್ಕೆ ಸ್ವಲ್ಪ ವಾರೆಯಾಗಿ ಕೂತಿರುವುದು, ಬೈಂಡಿಂಗ್ (ಅಂಚುಪಟ್ಟಿ) ಸೇರುವ ಕಡೆಯ ತಪ್ಪು, ಇವನ್ನು ಯಾರೂ ನಕಲು ಮಾಡಲಾರರು. ಗೀರಿನಿಂದ ಇನ್ನೊಂದು ಉಪಯೋಗ ಉಂಟು: ಅದು ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. 1970ರ ಫೋಟೋದಲ್ಲಿದ್ದ ಗೀರು ಇವತ್ತಿನ ಗಿಟಾರಿನಲ್ಲಿ ಇಲ್ಲವೆಂದರೆ ಒಂದೋ ಬಣ್ಣ ಹೊಡೆದಿದ್ದಾರೆ, ಇಲ್ಲವೇ ಇದು ಆ ಗಿಟಾರೇ ಅಲ್ಲ. 1963ರ ಕೊನೆಯಲ್ಲಿ ಕಾಣೆಯಾಗಿ, 60ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಮಾರಾಟವಾದ ಬೀಟಲ್ಸ್‌ನ ಜಾನ್ ಲೆನನ್ ಅವರ ಗಿಬ್ಸನ್ ಜೆ-160ಇ ಗುರುತು ಸಿಕ್ಕಿದ್ದಕ್ಕೆ ದೊಡ್ಡ ಸಾಕ್ಷಿ ಈ ಮರದ ಎಳೆಗೆರೆಯೇ. 2015ರಲ್ಲಿ ಅದು 24.1 ಲಕ್ಷ ಡಾಲರಿಗೆ ಹೋಯಿತು.

ಕಾಗದದಲ್ಲಿ ನಾನು ಎಲ್ಲಕ್ಕಿಂತ ನಂಬುವುದು ಅಭಿಮಾನಿಗಳು ಕಡೆಗಣಿಸುವಂಥದ್ದನ್ನು. ವಿದೇಶ ಪ್ರವಾಸಕ್ಕೆ ಹೋಗುವ ಬ್ಯಾಂಡು ತನ್ನ ಸಾಮಾನಿಗೆ ಎಟಿಎ ಕಾರ್ನೆ (ಸುಂಕವಿಲ್ಲದೆ ತಾತ್ಕಾಲಿಕವಾಗಿ ಗಡಿ ದಾಟಿಸುವ ಪತ್ರ) ಮಾಡಿಸುತ್ತದೆ. ಅದರಲ್ಲಿ ಪ್ರತಿ ವಾದ್ಯದ ವಿವರ ಸೀರಿಯಲ್ ನಂಬರಿನ ಸಮೇತ ಇರುತ್ತದೆ, ಕಸ್ಟಮ್ಸ್‌ನವರ ಮುದ್ರೆ ಬಿದ್ದಿರುತ್ತದೆ. ಮಾರುವ ಆಲೋಚನೆಯೇ ಇಲ್ಲದಾಗ ಬರೆದದ್ದಾದ್ದರಿಂದ ಅದರಲ್ಲಿ ಉತ್ಪ್ರೇಕ್ಷೆ ಇರುವುದಿಲ್ಲ. ವಿಮೆಯ ಪಟ್ಟಿ, ರಿಪೇರಿ ಬಿಲ್ಲು, ಗಿಟಾರ್ ಟೆಕ್‌ನ (ಬ್ಯಾಂಡಿನ ಗಿಟಾರು ನೋಡಿಕೊಳ್ಳುವವನ) ನೋಟ್‌ಬುಕ್ಕು ಇವೂ ಇದೇ ಜಾತಿ. ಹರಾಜಿಗೆ ಎರಡು ತಿಂಗಳ ಮುಂಚೆ ಬರೆಸಿದ "ಹೌದು, ಇದು ಅವರದೇ" ಎಂಬ ಪತ್ರ ಇವೆಲ್ಲಕ್ಕಿಂತ ಕೆಳಗೆ. ಪಿಕ್‌ಗಾರ್ಡಿನ ಮೇಲೆ ಸಹಿ ಹಾಕಿಸಿದ ಹೊಸ ಗಿಟಾರಂತೂ ಈ ಸಾಲಿಗೇ ಸೇರುವುದಿಲ್ಲ. ಅಂಥದ್ದರಲ್ಲಿ ನೀವು ಕೊಳ್ಳುವುದು ಸಹಿಯನ್ನು, ಗಿಟಾರನ್ನಲ್ಲ.

ನಮ್ಮವರು ಅಮೆರಿಕದವರ ಈ ಕ್ರಮಕ್ಕೆ ಒಗ್ಗಲು ಕಷ್ಟಪಡುವುದು ಒಂದು ಕಡೆ. ವೀಣೆಯ ಮೇಳ (ಮೇಣದಲ್ಲಿ ಕೂರಿಸಿದ ಮೆಟ್ಟಿಲುಗಳ ಸಾಲು) ಸಡಿಲವಾದರೆ ಮೇಣ ತೆಗೆಸಿ ಹೊಸದಾಗಿ ಕಟ್ಟಿಸುತ್ತೇವೆ, ಪಾಲಿಶ್ ಹಾಕಿಸುತ್ತೇವೆ. ಅದು ವಾದ್ಯಕ್ಕೆ ತೋರುವ ಮರ್ಯಾದೆ. ಅಮೆರಿಕದಲ್ಲಿ ಅದೇ ಕೆಲಸ ಮಾಡಿದರೆ ಹಣ ಹೋಯಿತು. ಬೆವರಿಗೆ ಕಪ್ಪಾದ ತಂತಿ ಬಿಚ್ಚಬಾರದು, ಫ್ರೆಟ್ ಬದಲಿಸಬಾರದು, ಹೆಡ್‌ಸ್ಟಾಕಿನ ಮೇಲಿನ ಸಿಗರೇಟ್ ಕಲೆ ಉಜ್ಜಬಾರದು. ಕೇಸಿನೊಳಗಿನ ಚಿಂದಿಯನ್ನೂ ಎಸೆಯಬಾರದು. ನಿರ್ವಾಣ ಬ್ಯಾಂಡಿನ ಕರ್ಟ್ ಕೊಬೇನ್ ಅವರ 1959ರ ಮಾರ್ಟಿನ್ ಡಿ-18ಇ ಹರಾಜಿಗೆ ಬಂದದ್ದು ಅವರೇ ಅಂಟಿಸಿದ ಕಾಗದಗಳಿದ್ದ ಕೇಸಿನ ಜೊತೆ. ಒಳಗೆ ತಂತಿಯ ಪೊಟ್ಟಣ, ಪಿಕ್‌ಗಳೂ ಇದ್ದವು.

ಆ ಹರಾಜಿನ ಲೆಕ್ಕವನ್ನೇ ನೋಡಿ. 2020ರಲ್ಲಿ ಕೊನೆಯ ಕೂಗಿಗೆ ಸುತ್ತಿಗೆ ಬಿದ್ದದ್ದು 50 ಲಕ್ಷ ಡಾಲರಿಗೆ, ಪತ್ರಿಕೆಗಳಲ್ಲಿ ಬಂದದ್ದು 60.1 ಲಕ್ಷ. ನಡುವಿನ ಹಣ ಕೊಳ್ಳುವವನು ಹರಾಜು ಮನೆಗೆ ಕೊಡುವ ಪ್ರೀಮಿಯಂ. ಮಾರುವವನ ಲೆಕ್ಕ 50 ಲಕ್ಷದಿಂದ ಶುರುವಾಗುತ್ತದೆ, ಅದರಲ್ಲೂ ಅವನ ಪಾಲಿನ ಕಮಿಷನ್ ಕಳೆಯಬೇಕು. ಹೆಸರು ದೊಡ್ಡದಿದ್ದರೆ ಈ ಕಮಿಷನ್ನನ್ನು ಚೌಕಾಸಿ ಮಾಡಿ ಸೊನ್ನೆಗೂ ಇಳಿಸಬಹುದು. ಕೇಳುವುದಕ್ಕೆ ಸಂಕೋಚ ಬೇಡ. ಕನಿಷ್ಠ ಬೆಲೆಯನ್ನು ಅಂದಾಜಿನ ಕೆಳಗಿನ ಅಂಕಿಗಿಂತ ಮೇಲೆ ಇಡುವುದಿಲ್ಲ. ಅಂದಾಜನ್ನು ಆಸೆಗೆ ಬಿದ್ದು ಏರಿಸಿದರೆ ಗಿಟಾರು ಮಾರಾಟವಾಗದೆ ವಾಪಸ್ ಬರುತ್ತದೆ. ಆ ಸುದ್ದಿ ಕೊಳ್ಳುವವರಿಗೆಲ್ಲ ಗೊತ್ತಾದ ಮೇಲೆ ಕೆಲವು ವರ್ಷ ಅದನ್ನು ಯಾರೂ ಮೂಸುವುದಿಲ್ಲ. ಗಿಲ್ಮೋರ್ ಗಿಟಾರಿಗೆ ಅಂದಾಜು ಅಷ್ಟು ಕೆಳಗಿಟ್ಟದ್ದರಲ್ಲಿ ಜಾಣತನ ಇತ್ತು.

ಬೆಲೆ ಕಟ್ಟುವವನೇ ಕೊಳ್ಳಲು ಬಂದರೆ ಅಲ್ಲಿಂದ ಎದ್ದು ಬನ್ನಿ. ಬೆಲೆಯ ಮೇಲೆ ಶೇಕಡಾವಾರು ಶುಲ್ಕ ಕೇಳುವವನೂ ಬೇಡ. ದಾನದ ತೆರಿಗೆ ವಿನಾಯಿತಿಗೆ ಅಂಥ ಅಂದಾಜನ್ನು ಅಮೆರಿಕದ ತೆರಿಗೆ ಇಲಾಖೆ ಒಪ್ಪುವುದೇ ಇಲ್ಲ. ತೆರಿಗೆ ಎಂದ ಮೇಲೆ ಇನ್ನೊಂದು ಮಾತು. ಸಂಗೀತಗಾರ ಬದುಕಿದ್ದಾಗ ಉಡುಗೊರೆ ಕೊಟ್ಟ ಗಿಟಾರಿಗೆ ಲಾಭದ ಲೆಕ್ಕ ಶುರುವಾಗುವುದು ಅವನು ಅಂಗಡಿಯಲ್ಲಿ ಕೊಟ್ಟ ಕೆಲವು ನೂರು ಡಾಲರಿನಿಂದ. ಉಯಿಲಿನಿಂದ ಬಂದದ್ದಾದರೆ ಅವನು ತೀರಿಕೊಂಡ ದಿನದ ಬೆಲೆಯಿಂದ. ಇಂಥ ಸಂಗ್ರಹದ ವಸ್ತುಗಳ ದೀರ್ಘಾವಧಿ ಲಾಭಕ್ಕೆ ಕೇಂದ್ರ ತೆರಿಗೆ 28%ವರೆಗೂ ಹೋಗುವುದರಿಂದ, ಆ ದಿನದ ಬೆಲೆಯನ್ನು ಆಗಲೇ ಕಟ್ಟಿಸಿ ಇಟ್ಟುಕೊಂಡವರು ಗೆದ್ದರು.

ಉಯಿಲು ಇದ್ದಮಾತ್ರಕ್ಕೆ ಜಗಳ ತಪ್ಪುವುದಿಲ್ಲ. ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಜೆರ್ರಿ ಗಾರ್ಸಿಯಾ ತನ್ನ ಗಿಟಾರುಗಳನ್ನು ಮಾಡಿಕೊಟ್ಟ ಡಗ್ ಇರ್ವಿನ್‌ಗೇ ಅವನ್ನು ಬರೆದಿಟ್ಟರು. ಅವು ಬ್ಯಾಂಡಿನ ಆಸ್ತಿ ಎಂದು ಗ್ರೇಟ್‌ಫುಲ್ ಡೆಡ್‌ನವರು ತಕರಾರು ತೆಗೆದರು. ರಾಜಿಯಾಗಿ ವುಲ್ಫ್ ಮತ್ತು ಟೈಗರ್ ಎಂಬ ಗಿಟಾರುಗಳು ಇರ್ವಿನ್ ಕೈಗೆ ಬಂದು, 2002ರಲ್ಲಿ ಹರಾಜಾದವು. ಕಳವಿನ ಮಾಲಾದರೆ ಲಂಡನ್ನಿಗೂ ನ್ಯೂಯಾರ್ಕಿಗೂ ಕಾನೂನೇ ಬೇರೆ. ಇಂಗ್ಲೆಂಡಿನಲ್ಲಿ ಕಳ್ಳಮಾಲೆಂದು ತಿಳಿಯದೆ ಒಬ್ಬ ಕೊಂಡು ಆರು ವರ್ಷ ಕಳೆದರೆ ಮೂಲ ಒಡೆಯನ ಹಕ್ಕು ಹೋಗುತ್ತದೆ. ನ್ಯೂಯಾರ್ಕಿನಲ್ಲಿ ಒಡೆಯ ಬಂದು ಕೇಳಿ, ಇಟ್ಟುಕೊಂಡವನು ಕೊಡುವುದಿಲ್ಲ ಎಂದ ದಿನದಿಂದ ದಾವೆ ಹೂಡುವ ಗಡುವು ಶುರು. ಕೊಂಡವನಿಗೆ ಇದು ಕಠಿಣ, ಆದರೂ ನನಗೆ ಸರಿ ಕಾಣುವುದು ನ್ಯೂಯಾರ್ಕಿನದೇ. ಪೂರ್ವಾಪರ ವಿಚಾರಿಸುವ ಹೊಣೆ ಕೊಳ್ಳುವವನ ತಲೆಯ ಮೇಲೆ ಬೀಳುತ್ತದೆ.

ಇನ್ನು ಸಾಗಾಟ. 60ರ ದಶಕದ ಮೊದಲರ್ಧದ ಫೆಂಡರ್‌ಗಳ ಫ್ರೆಟ್‌ಬೋರ್ಡು, 1969ಕ್ಕಿಂತ ಹಿಂದಿನ ಮಾರ್ಟಿನ್ ಡಿ-28ರ ಬೆನ್ನು-ಪಕ್ಕೆಗಳು ಸಾಮಾನ್ಯವಾಗಿ ಬ್ರೆಜಿಲ್ ರೋಸ್‌ವುಡ್. 1992ರಿಂದ ಅದು, ಅಳಿವಿನಂಚಿನ ಪ್ರಾಣಿ-ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ. 2019ರಲ್ಲಿ ಬೇರೆ ರೋಸ್‌ವುಡ್ ವಾದ್ಯಗಳಿಗೆ ಸಿಕ್ಕ ರಿಯಾಯಿತಿ ಇದಕ್ಕೆ ಇಲ್ಲ. ಲಾಸ್ ಏಂಜಲೀಸ್‌ನಿಂದ ಲಂಡನ್ನಿಗೆ ಮಾರಿದರೆ ಪರವಾನಗಿ ಇಲ್ಲದೆ ಗಡಿ ದಾಟುವಂತಿಲ್ಲ. ಪಿಯಾನೋದ ಕೀಲಿಗಳಲ್ಲಿ ದಂತ ಇದ್ದರೆ ಬ್ರಿಟನ್ನಿನಲ್ಲಿ ಮಾರಲು, ಅದು 1975ಕ್ಕಿಂತ ಹಿಂದಿನದಾಗಿ ದಂತ 20%ಗಿಂತ ಕಡಿಮೆ ಇದೆ ಎಂದು ನೋಂದಣಿ ಮಾಡಿಸಬೇಕು. ಮರ ಯಾವುದೆಂದು ಪರೀಕ್ಷೆ ಮಾಡಿಸಿ ಕ್ಯಾಟಲಾಗಿನಲ್ಲೇ ಬರೆಸಿ. ವಿದೇಶದಿಂದ ಕೂಗುವವನು ಪರವಾನಗಿಗೆ ತಗಲುವ ವಾರಗಳನ್ನೂ ಖರ್ಚನ್ನೂ ಲೆಕ್ಕ ಹಾಕಿಕೊಂಡೇ ಕೂಗುತ್ತಾನೆ. ಸುತ್ತಿಗೆ ಬಿದ್ದ ಮೇಲೆ ಗೊತ್ತಾದರೆ ಅವನು ಹಣ ತಡೆಹಿಡಿಯುತ್ತಾನೆ.